ಸಂಘದ ಲೆಕ್ಕ ಒಂದೇ ಕಿಟಕಿಯಾಗ

ಸಂಘದ ಲೆಕ್ಕ ಕಂಪ್ಯೂಟರಿನಲ್ಲಿ ಇಟ್ಟೀರೇನ್ರೀ ಅಕ್ಕಾ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕು ಊರಿಗೆ ನಾಲ್ಕು ಖಾನೆ ಮಾಡಿರಿ. ಈ ಖಾನೆಗೆ ಫೋಲ್ಡರ್ ಅಂತಾರ.

ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ತ್ರಾಸ ಬೇಡ. ವಿಂಡೋಸ್ 11ರಲ್ಲಿ 2022ರಿಂದ ಟ್ಯಾಬ್ ಸೌಲಭ್ಯ ಇದೆ. ಫೋಲ್ಡರ್ ತೆರೆದಾಗ ಕಿಟಕಿಯ ಮೇಲ್ಗಡೆ ಕೂಡಿಸುವ ಗುರುತು ಕಾಣತೈತಿ. ಅದನ್ನು ಒತ್ತಿರಿ. ಹೊಸ ಟ್ಯಾಬ್ ಬರುತ್ತದೆ. ಅದರಲ್ಲಿ ಇನ್ನೊಂದು ಫೋಲ್ಡರ್ ತೆರೆಯಿರಿ. ನಾಲ್ಕೂ ಸಾಲಾಗಿ ನಿಲ್ಲುತ್ತವೆ. ಬೇಕಾದ್ದರ ಮೇಲೆ ಒತ್ತಿದರಾಯಿತು.

ಟ್ಯಾಬ್ ಮುಚ್ಚಿದರೆ ಫೋಲ್ಡರ್ ಅಳಿಯೋದಿಲ್ಲ. ಹೆದರಬೇಡ್ರಿ. ಲಿನಕ್ಸ್ ಕಂಪ್ಯೂಟರಿನ ಡಾಲ್ಫಿನ್ ಹಿಂದಿನ ಟ್ಯಾಬ್‌ಗಳನ್ನು ನೆನಪಿಟ್ಟು ಮತ್ತೆ ತೆರೆಯಬಲ್ಲದು. ಆದರೆ ಅದು ಉಳಿಸುವುದು ಜೋಡಣೆಯನ್ನು ಮಾತ್ರ. ಕಂಪ್ಯೂಟರ್ ಕೆಟ್ಟರೆ ಲೆಕ್ಕವೂ ಹೋದೀತು.

ಅದು ನಮ್ಮ ಬೆವರಿನ ದುಡ್ಡಿನ ಲೆಕ್ಕ. ಪ್ರತಿ ತಿಂಗಳು ಪೆನ್‌ಡ್ರೈವಿಗೂ ಹಾಕಿ ಇಡ್ರಿ.