ಸದ್ದು ನುಸುಳುವ ಸಂದು

ಬಿಜೂರಿನಲ್ಲಿ ಮನೆಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದು ಮೀಸಲಿಡುವುದು ಸಾಹಸವೇ ಸರಿ. ಹೆದ್ದಾರಿಯ ಲಾರಿಗಳು ತುಸು ಸುಮ್ಮನಾದವೋ, ಕೊಂಕಣ ರೈಲು ಕೂಗುತ್ತದೆ. ಅದೂ ಹೋಯಿತೆನ್ನುವಷ್ಟರಲ್ಲಿ ಅಡುಗೆಮನೆಯ ಮಿಕ್ಸಿ! ಆದರೂ ಈ ಸಾಹಸಕ್ಕೆ ಕಾರಣವುಂಟು. ಎಂಬತ್ತು ದಾಟಿದ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಕುಂದಾಪುರ ಕನ್ನಡದ ಹಾಡನ್ನು, ಬಡಗುತಿಟ್ಟಿನ ಹಿರಿಯ ಭಾಗವತರ ಕಂಠವನ್ನು ‘ಬರುವ ವರ್ಷ ನೋಡೋಣ’ ಎಂದು ಮುಂದೂಡಲಾದೀತೆ?

ಮನೆಯಲ್ಲೇ ಧ್ವನಿಯ ಕೆಲಸ ಹೂಡುವುದು ಕನ್ನಡಿಗರಿಗೆ ಹೊಸತೇನಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ.

ಕೋಣೆ ಕಟ್ಟುವವರು ಸಾಮಾನ್ಯವಾಗಿ ಹಣವನ್ನೆಲ್ಲ ಗೋಡೆಗೆ ಸುರಿಯುತ್ತಾರೆ. ಮುರಕಲ್ಲಿನ ದಪ್ಪ ಗೋಡೆಗೆ ಎರಡೂ ಬದಿ ಗಾರೆ ಬಳಿದರೆ ಅದು ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ. ಸೋಲುವುದು ಬಾಗಿಲಿನಲ್ಲಿ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿನ ಕೆಳಗೆ ಮುಕ್ಕಾಲು ಅಂಗುಲ ಸಂದು ಇದೆಯೆನ್ನಿ. ಅದು ಬಾಗಿಲಿನ ವಿಸ್ತೀರ್ಣದಲ್ಲಿ ಸುಮಾರು ನೂರರಲ್ಲೊಂದು ಪಾಲು. ಅಷ್ಟು ತೆರಪಿದ್ದರೆ, ಹಲಗೆ ಎಷ್ಟೇ ಭಾರವಿದ್ದರೂ ಬಾಗಿಲಿನ ತಡೆ 20 ಡೆಸಿಬೆಲ್ಲಿನ ಆಚೀಚೆಗೇ ನಿಂತುಬಿಡುತ್ತದೆ. ಹಲಗೆಯ ತೂಕವನ್ನು ಇಮ್ಮಡಿಗೊಳಿಸಿದರೆ ದೊರೆಯುವ ಲಾಭ ಹೆಚ್ಚೆಂದರೆ 6 ಡೆಸಿಬೆಲ್. ಸಂದು ಮುಚ್ಚದಿದ್ದರೆ ಆ ಲಾಭವೂ ಇಲ್ಲ. ಮೊಟ್ಟೆಯ ತಟ್ಟೆಗಳನ್ನು ಬಾಗಿಲಿಗೆ ಅಂಟಿಸಿ ನೆಮ್ಮದಿಯಿಂದ ಕುಳಿತವರನ್ನು ಕಂಡರೆ ನನಗೆ ಕನಿಕರ. ಅವು ಒಳಗಿನ ಮಾರ್ದನಿಯನ್ನು ಕೊಂಚ ತಗ್ಗಿಸಿಯಾವು, ಹೊರಗಿನ ಲಾರಿಯನ್ನಲ್ಲ.

ಹಾಗಾದರೆ ಬಾಗಿಲನ್ನು ದಾರಂದಕ್ಕೆ ಬಿಗಿಯಾಗಿ ಕೂರಿಸಿದರಾಯಿತಲ್ಲ ಎನ್ನುವಿರಿ. ಕರಾವಳಿಯ ಮರ ಅದಕ್ಕೆ ಒಪ್ಪಬೇಕಷ್ಟೆ! ಬೇಸಗೆಯಲ್ಲಿ ಸರಿಯಾಗಿ ಕೂತ ಹಲಸಿನ ಬಾಗಿಲು ಆಷಾಢದ ತೇವಕ್ಕೆ ಉಬ್ಬಿ ಹೆಗಲು ಕೊಟ್ಟರೂ ಮುಚ್ಚದು. ಮಳೆಗಾಲದಲ್ಲಿ ಕೆತ್ತಿಸಿದರೆ ಮಾರ್ಚಿಯಲ್ಲಿ ಒಣಗಿ ಬಾಯ್ದೆರೆಯುತ್ತದೆ. ಆದುದರಿಂದ ಮರಕ್ಕೆ ಉಸಿರಾಡುವಷ್ಟು ಎಡೆ ಬಿಟ್ಟು, ಆ ಎಡೆಯನ್ನು ಅದುಮಿದರೆ ಕುಗ್ಗಿ ಬಿಟ್ಟರೆ ಹಿಗ್ಗುವ ಮೆದು ರಬ್ಬರಿನ ಪಟ್ಟಿಯಿಂದ ಮುಚ್ಚಬೇಕು. ಪಟ್ಟಿ ಮೂರು ಬದಿಗಲ್ಲ, ನಾಲ್ಕೂ ಬದಿಗೆ. ದಾರಂದಕ್ಕೂ ಗೋಡೆಗೂ ನಡುವಿನ ಬಿರುಕನ್ನು ಬಡಗಿ ಪಟ್ಟಿ ಹೊಡೆದು ಮರೆಮಾಡುವ ಮೊದಲೇ ಗಾರೆ ತುಂಬಿಸಬೇಕು.

ನಾಲ್ಕನೆಯ ಬದಿ ಎಂದೆನಲ್ಲ, ತೊಡಕಿರುವುದು ಅಲ್ಲಿಯೇ. ಹಳೆಯ ಮನೆಗಳಲ್ಲಿ ಎತ್ತರದ ಹೊಸ್ತಿಲಿತ್ತು. ಈಗ ಒಳಕೋಣೆಗಳಿಗೆ ನೆಲದ ಟೈಲು ಒಂದೇ ಸಮನೆ ಹರಿಯಬೇಕೆಂಬ ಹಟ. ಕಾಲು ಎಡವದು ನಿಜ, ಆದರೆ ಬಾಗಿಲಿಗೆ ಕೆಳಗೆ ಆನಿಕೊಳ್ಳಲು ಏನೂ ಇಲ್ಲ. ಧ್ವನಿಯ ಕೋಣೆಗೆ ಅಜ್ಜನ ಕಾಲದ ಹೊಸ್ತಿಲನ್ನು ಮರಳಿ ತರಿಸಿ. ಬಾಗಿಲು ಅದರ ಅಂಚಿಗೆ, ರಬ್ಬರಿನ ಮೇಲೆ, ಒತ್ತಿ ನಿಲ್ಲಲಿ.

ಸ್ಥಳವಿದ್ದರೆ ಒಂದೇ ಭಾರಿ ಬಾಗಿಲಿಗಿಂತ ಎರಡು ಸಾಧಾರಣ ಬಾಗಿಲು ಮೇಲು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ, ಅದರ ಗೋಡೆಗೆ ಹಳೆಯ ಹತ್ತಿಯ ಹಾಸಿಗೆ. ಒಂದು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವ ಶಿಸ್ತನ್ನು ಮನೆಯ ಮಕ್ಕಳಿಗೆ ಕಲಿಸುವುದು ಬೇರೆ ಮಾತು.

ಕೆಲಸ ಮುಗಿದ ರಾತ್ರಿ ಕೋಣೆಯೊಳಗೆ ದೀಪ ಹಚ್ಚಿಟ್ಟು ಹೊರಗೆ ಕತ್ತಲೆ ಮಾಡಿ ನೋಡಿ. ಬಾಗಿಲಿನ ಅಂಚಿನಲ್ಲಿ ಎಲ್ಲಿ ಬೆಳಕಿನ ಗೆರೆ ಹೊಳೆಯುವುದೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಬೆಳಗ್ಗೆ ಬಡಗಿಗೆ ತೋರಿಸಿದರಾಯಿತು.