ಹಿಡಿದದ್ದು ಎಂದರೆ ಯಾವುದು?

ಫುಟ್‌ಬಾಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಲಿನಿಂದ ಒದೆಯುವ ಗುಂಡನೆಯ ಚೆಂಡು. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಎರಡು ತುದಿಗಳಲ್ಲಿಯೂ ಚೂಪಾಗಿರುತ್ತದೆ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಎರಡೂ ಕಡೆ 11 ಮಂದಿ. ಚೆಂಡನ್ನು ಪಡೆದ ಪಕ್ಷ 4 ಯತ್ನಗಳೊಳಗೆ 10 ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ 4 ಯತ್ನ. ಹೀಗೆ ಸಾಗಿ ಎದುರು ಪಕ್ಷದ ಗೆರೆಯನ್ನು ದಾಟಿದರೆ 6 ಅಂಕ. ಓಡಿಯಾದರೂ ದಾಟಬಹುದು, ದೂರದಿಂದ ಎಸೆದ ಚೆಂಡನ್ನು ಹಿಡಿದಾದರೂ ದಾಟಬಹುದು. ಇಷ್ಟು ತಿಳಿದಿದ್ದರೆ ನನ್ನ ಈ ಭಾಷಣಕ್ಕೆ ಸಾಕು.

ನಾನು ಹೇಳಹೊರಟಿರುವುದು ಆ ಆಟದ ಅಭಿಮಾನಿಗಳು ವರ್ಷವಿಡೀ ನಡೆಸುವ ವಾಗ್ವಾದಗಳನ್ನು ಕುರಿತು. ಅಲ್ಲಿಯ ರಾಷ್ಟ್ರೀಯ ಲೀಗ್‌ನಲ್ಲಿ 32 ತಂಡಗಳಿವೆ. ಸೆಪ್ಟೆಂಬರಿನಲ್ಲಿ ಪಂದ್ಯಗಳು ಆರಂಭವಾಗುತ್ತವೆ. ಒಂದೊಂದು ತಂಡಕ್ಕೆ ಸಾಮಾನ್ಯವಾಗಿ ವಾರಕ್ಕೊಂದೇ ಪಂದ್ಯ. ಆಡುವುದಕ್ಕೆ ಒಂದು ದಿನ, ಆಡಿಕೊಳ್ಳುವುದಕ್ಕೆ ಆರು ದಿನ! ಫೆಬ್ರವರಿಯಲ್ಲಿ ಅಂತಿಮ ಪಂದ್ಯ ಮುಗಿದ ಮೇಲಾದರೂ ಮಾತು ನಿಲ್ಲಬೇಕಷ್ಟೆ, ನಿಲ್ಲುವುದಿಲ್ಲ. ಕಾಲೇಜುಗಳಲ್ಲಿ ಆಡಿ ಹೆಸರು ಮಾಡಿದ ತರುಣರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ 'ಡ್ರಾಫ್ಟ್' ಎಂಬ ಏರ್ಪಾಡು ಏಪ್ರಿಲಿನಲ್ಲಿ ನಡೆಯುತ್ತದೆ. ರೆಫರಿ ಕೊಟ್ಟ ತೀರ್ಪು ಸರಿಯೆ, ಇಂಥ ಆಟಗಾರನಿಗೆ ಇಷ್ಟು ಬೆಲೆ ತಕ್ಕದ್ದೆ, ಈ ಸಲ ನಮ್ಮವರು ಯಾರನ್ನು ಆರಿಸಬೇಕು — ಈ ಮೂರು ಪ್ರಶ್ನೆಗಳ ಸುತ್ತಲೇ ಮಾತು ತಿರುಗುತ್ತಿರುತ್ತದೆ. ಮೇಲುನೋಟಕ್ಕೆ ಇದು ಬರಿಯ ಹರಟೆ. ಕಿವಿಗೊಟ್ಟು ಕೇಳಿದರೆ, ನ್ಯಾಯವೆಂದರೇನು ಎಂಬ ಜಿಜ್ಞಾಸೆ ಅದರೊಳಗೆ ನಡೆದಿರುವುದು ತಿಳಿಯುತ್ತದೆ. ಯಾರಿಗೆ ನ್ಯಾಯ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಮೊದಲು ತೀರ್ಪಿನ ವಿಚಾರ. ಎಸೆದ ಚೆಂಡನ್ನು ಒಬ್ಬ ಹಿಡಿದನೆಂದು ಯಾವಾಗ ಹೇಳಬೇಕು? ಮಗುವೂ ಉತ್ತರಿಸಬಲ್ಲ ಪ್ರಶ್ನೆಯಿದು. ಆದರೆ ಅಮೆರಿಕದ ನಿಯಮಕರ್ತರು ಹಲವು ವರ್ಷ ಇದಕ್ಕೆ ಉತ್ತರ ಹುಡುಕಿ ಬಳಲಿದರು. 2010ರ ಸೆಪ್ಟೆಂಬರ್ 12ರಂದು ಶಿಕಾಗೊ ನಗರದಲ್ಲಿ ಡೆಟ್ರಾಯಿಟ್ ತಂಡದ ಕ್ಯಾಲ್ವಿನ್ ಜಾನ್ಸನ್ ಎಂಬ ಎತ್ತರದ ಆಳು, ಪಂದ್ಯದ ಕೊನೆಯ ಕ್ಷಣಗಳಲ್ಲಿ, ಗೆರೆಯಾಚೆ ಮೇಲಕ್ಕೆ ಹಾರಿ ಚೆಂಡನ್ನು ಹಿಡಿದ. ಎರಡೂ ಪಾದಗಳು ನೆಲ ಮುಟ್ಟಿದುವು. ಆತ ಕೆಳಗೆ ಬಿದ್ದ. ಏಳುವ ಅವಸರದಲ್ಲಿ ಕೈಯಲ್ಲಿದ್ದ ಚೆಂಡು ನೆಲಕ್ಕೆ ತಗುಲಿ ಅಲ್ಲಿಯೇ ಉಳಿಯಿತು. ಹಿಡಿಯುವ ಕ್ರಿಯೆ ಪೂರ್ಣವಾಗಲಿಲ್ಲವೆಂದು ತೀರ್ಪಾಯಿತು. ಡೆಟ್ರಾಯಿಟ್ 19-14ರಿಂದ ಸೋತಿತು. 2015ರ ಜನವರಿ 11ರಂದು ಗ್ರೀನ್ ಬೇ ಊರಿನಲ್ಲಿ ಡಲ್ಲಾಸ್ ತಂಡದ ಡೆಜ್ ಬ್ರಯಂಟನಿಗೂ ಇದೇ ಗತಿ. ಎದುರಾಳಿಯ ತಲೆಯ ಮೇಲಿಂದ ಚೆಂಡನ್ನು ಕಿತ್ತುಕೊಂಡು, ಹೆಜ್ಜೆಗಳನ್ನಿಟ್ಟು, ಗೆರೆಯತ್ತ ಕೈಚಾಚಿ ಬಿದ್ದ. ಬಿದ್ದ ಪೆಟ್ಟಿಗೆ ಚೆಂಡು ಒಮ್ಮೆ ಕುಪ್ಪಳಿಸಿತು. ಮೈದಾನದಲ್ಲಿದ್ದವರು ಹಿಡಿದನೆಂದರು, ಎದುರು ಪಕ್ಷದವರು ಆಕ್ಷೇಪಿಸಲು ಚಿತ್ರವನ್ನು ಮತ್ತೆ ನೋಡಿ, ಹಿಡಿಯಲಿಲ್ಲವೆಂದು ತಿದ್ದಿದರು. ಡಲ್ಲಾಸ್ 26-21ರಿಂದ ಸೋತಿತು.

ನಮ್ಮ ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಇಲ್ಲಿ ನಡೆದಿರುವುದೇನೆಂದು ಒಡನೆಯೇ ಗೊತ್ತಾಗುತ್ತದೆ. ಕೊಂಬುಳ್ಳದ್ದು ಹಸು ಎಂದು ಲಕ್ಷಣ ಹೇಳಿದರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೈಗೆ ಬಂದು ಜಾರಿದ ಚೆಂಡನ್ನೆಲ್ಲ ಹಿಡಿದದ್ದೆಂದು ಎಣಿಸಬಾರದೆಂಬ ಭಯದಿಂದ ಅಲ್ಲಿಯವರು, ಬೀಳುತ್ತ ಹಿಡಿದವನು ನೆಲಕ್ಕೆ ಬಿದ್ದ ಮೇಲೂ ಚೆಂಡನ್ನು ಬಿಡದಿರಬೇಕೆಂದು ಲಕ್ಷಣವನ್ನು ಬಿಗಿ ಮಾಡಿದ್ದರು. ಅತಿವ್ಯಾಪ್ತಿಗೆ ಹೆದರಿ ಅವ್ಯಾಪ್ತಿಯ ಬಾಯಿಗೆ ಬಿದ್ದಂತಾಯಿತು. ನೋಡಿದವರೆಲ್ಲ 'ಹಿಡಿದ' ಎಂದು ಕೂಗಿದ ಚೆಂಡು ಲಕ್ಷಣದ ಹೊರಗೆ ಉಳಿಯಿತು. ಅಭಿಮಾನಿಗಳು ವರ್ಷಗಟ್ಟಲೆ ಇದನ್ನೇ ಹೇಳಿದರು. ಅವರಿಗೆ ಆ ಪಾರಿಭಾಷಿಕ ಪದಗಳು ಗೊತ್ತಿರಲಿಲ್ಲ, ಅಷ್ಟೆ. ಕೊನೆಗೆ 2018ರಲ್ಲಿ ತಂಡಗಳ ಒಡೆಯರು ಸೇರಿ ಆ ಷರತ್ತನ್ನು ತೆಗೆದುಹಾಕಿದರು. ಚೆಂಡು ಹತೋಟಿಯಲ್ಲಿರಬೇಕು, ಎರಡು ಪಾದಗಳಾಗಲಿ ದೇಹದ ಬೇರೆ ಭಾಗವಾಗಲಿ ಎಲ್ಲೆಯೊಳಗೆ ನೆಲ ಮುಟ್ಟಬೇಕು, ಮೂರನೆಯ ಹೆಜ್ಜೆ ಇಡುವುದೋ ಗೆರೆಯತ್ತ ಕೈಚಾಚುವುದೋ ಅಂಥ ಒಂದು ಕ್ರಿಯೆ ನಡೆಯಬೇಕು ಇಲ್ಲವೆ ಅದಕ್ಕೆ ಬೇಕಾದಷ್ಟು ಹೊತ್ತು ಚೆಂಡು ಕೈಯಲ್ಲಿರಬೇಕು. ಈ ಹೊಸ ಲಕ್ಷಣದ ಪ್ರಕಾರ ಬ್ರಯಂಟ್ ಚೆಂಡನ್ನು ಹಿಡಿದಿದ್ದ. ಆ ಪಂದ್ಯ ಮುಗಿದು ಮೂರು ವರ್ಷಗಳಾಗಿದ್ದುವು.

ಚಿತ್ರವನ್ನು ತಿರುಗಿ ನೋಡುವ ಪದ್ಧತಿಯ ಕಥೆಯೂ ಸ್ವಾರಸ್ಯವಾಗಿದೆ. ಅದನ್ನು 1986ರಲ್ಲಿ ತಂದರು, 1991ರ ಆಟಗಳ ನಂತರ ಕೈಬಿಟ್ಟರು, 1999ರಲ್ಲಿ ಮತ್ತೆ ತಂದರು. ಕ್ಯಾಮೆರಾ ಬಂದರೆ ಜಗಳ ನಿಲ್ಲುತ್ತದೆಯೆಂಬ ನಿರೀಕ್ಷೆಯಿತ್ತು. ಆದರೆ ನಿಧಾನಗತಿಯ ಚಿತ್ರದಲ್ಲಿ ಒಂದು ನಿಮಿಷದ ಅರವತ್ತನೆಯ ಪಾಲು ಒಂದು ಯುಗದಂತೆ ಹಿಗ್ಗುತ್ತದೆ; ಕಣ್ಣಿಗೆ ಸ್ಥಿರವಾಗಿ ಕಂಡಿದ್ದ ಚೆಂಡು ಬೆರಳುಗಳ ನಡುವೆ ನಡುಗುವುದು ಕಾಣುತ್ತದೆ. ಮೊದಲು ಇಲ್ಲದಿದ್ದ ಸಂದೇಹಗಳು ಅಲ್ಲಿ ಹುಟ್ಟುತ್ತವೆ.

2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದದ್ದಂತೂ ಇನ್ನೂ ವಿಚಿತ್ರ. ಗೆದ್ದವರು ಅಂತಿಮ ಪಂದ್ಯಕ್ಕೆ ಹೋಗುವ ಆಟ. ಎರಡೂ ಕಡೆ 20 ಅಂಕ. ಉಳಿದದ್ದು ಎರಡು ನಿಮಿಷಕ್ಕೂ ಕಡಮೆ. ಊರಿನ ತಂಡದ ಆಟಗಾರನ ಕಡೆಗೆ ಚೆಂಡು ಬರುತ್ತಿದೆ. ಅದು ಕೈಗೆ ಬರುವ ಮೊದಲೇ ಲಾಸ್ ಏಂಜಲಿಸ್ ತಂಡದವನೊಬ್ಬ ಓಡಿಬಂದು ಅವನನ್ನು ಢಿಕ್ಕಿ ಹೊಡೆದು ಕೆಡವಿದ. ಹೀಗೆ ಅಡ್ಡಿ ಮಾಡುವುದು ಸ್ಪಷ್ಟವಾದ ಅಪರಾಧ. ಕಂಡ ರೆಫರಿ ಹಳದಿ ಬಟ್ಟೆಯೊಂದನ್ನು ನೆಲಕ್ಕೆಸೆಯಬೇಕು. ಯಾರೂ ಎಸೆಯಲಿಲ್ಲ. ಎಸೆಯದೆ ಬಿಟ್ಟದ್ದನ್ನು ಪುನಃ ಪರಿಶೀಲಿಸಲು ಅಂದಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಹೆಚ್ಚುವರಿ ಆಟದಲ್ಲಿ ಊರಿನ ತಂಡ 26-23ರಿಂದ ಸೋತಿತು. ಜನರ ಕೋಪ ಎಷ್ಟಿತ್ತೆಂದರೆ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ ಅಲ್ಲಿ ವಜಾ ಆಯಿತು. ಆ ವರ್ಷವೇ, ಅಡ್ಡಿಯ ವಿಷಯದಲ್ಲಿ ಕೊಟ್ಟ ತೀರ್ಪನ್ನೂ ಕೊಡದ ತೀರ್ಪನ್ನೂ ಚಿತ್ರ ನೋಡಿ ತಿದ್ದಬಹುದೆಂದು ಒಂದು ವರ್ಷದ ಮಟ್ಟಿಗೆ ನಿಯಮ ಮಾಡಿದರು. ಅಡ್ಡಿ ಎಂಬುದು ಎಷ್ಟು ತಳ್ಳಿದರೆ ಆಗುತ್ತದೆ? ಪ್ರತಿ ಯತ್ನದಲ್ಲಿಯೂ ಮೈಗೆ ಮೈ ತಗುಲುವ ಆಟದಲ್ಲಿ ಇದನ್ನು ಅಳೆಯುವ ಕೋಲು ಯಾರಲ್ಲಿಯೂ ಇರಲಿಲ್ಲ. ತಿದ್ದಿದ್ದಕ್ಕೂ ಜಗಳ, ತಿದ್ದದೆ ಬಿಟ್ಟದ್ದಕ್ಕೂ ಜಗಳ. 2020ರಲ್ಲಿ ಆ ನಿಯಮವನ್ನು ಮುಂದುವರಿಸಲಿಲ್ಲ. ನ್ಯೂ ಆರ್ಲಿಯನ್ಸಿನವರ ದೂರು ನ್ಯಾಯವಾದದ್ದೇ. ಅದಕ್ಕೆ ಹುಡುಕಿದ ಪರಿಹಾರ ಮಾತ್ರ ಆಟಕ್ಕೆ ಒಗ್ಗಲಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ಡ್ರಾಫ್ಟಿನ ವಿಷಯ. ನಮ್ಮಲ್ಲಿ 2008ರಿಂದ ಕ್ರಿಕೆಟ್ ಆಟಗಾರರನ್ನು ಹರಾಜಿನಲ್ಲಿ ಕೂಗುವುದನ್ನು ಕಂಡಿದ್ದೇವೆ. ಡ್ರಾಫ್ಟಿನಲ್ಲಿ ಕೂಗು ಇಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಇಂಥ ಸುತ್ತುಗಳು 7. ಫಿಲಡೆಲ್ಫಿಯ ತಂಡದ ಒಡೆಯ ಬರ್ಟ್ ಬೆಲ್ ಎಂಬಾತ 1935ರಲ್ಲಿ ಇದನ್ನು ಸೂಚಿಸಿದ. ಬಲವಾದ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಮತ್ತಷ್ಟು ಬಲಿಯುವುದನ್ನು ತಡೆಯಬೇಕೆಂಬುದು ಅವನ ವಾದ. ಅವನ ತಂಡ ದುರ್ಬಲವಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು! 1936ರ ಫೆಬ್ರವರಿಯಲ್ಲಿ ಅದೇ ಊರಿನ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊತ್ತಮೊದಲು ಆಯ್ಕೆಯಾದವನು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಅವನು ಒಂದು ದಿನವೂ ಲೀಗ್‌ನಲ್ಲಿ ಆಡಲಿಲ್ಲ. ಬೇರೆ ಉದ್ಯೋಗ ಹಿಡಿದ.

ದುರ್ಬಲರಿಗೆ ಮೊದಲ ತುತ್ತು ಎಂಬ ಈ ನಿಯಮ ಉದಾತ್ತವಾಗಿಯೇ ಇದೆ. ಆದರೆ ಅದರಿಂದ, ಡಿಸೆಂಬರಿನ ಹೊತ್ತಿಗೆ ಗೆಲ್ಲುವ ಆಸೆ ಬಿಟ್ಟ ಅಭಿಮಾನಿ ತನ್ನ ತಂಡ ಇನ್ನೂ ಎರಡು ಪಂದ್ಯ ಸೋಲಲಿ ಎಂದು ಹಾರೈಸುವ ಸ್ಥಿತಿಯೂ ಬಂತು. ಆಯ್ಕೆಯ ಸರದಿಯನ್ನು ತಂಡಗಳು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಬಹುದು. ಅದಕ್ಕಾಗಿ 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡದವರು ಒಂದು ಬೆಲೆಪಟ್ಟಿ ಮಾಡಿದರು: ಮೊದಲ ಸ್ಥಾನಕ್ಕೆ 3000 ಅಂಶ, ಹತ್ತನೆಯದಕ್ಕೆ 1300, ಮೂವತ್ತೆರಡನೆಯದಕ್ಕೆ 590. ಬೇರೆಯವರೂ ಅದನ್ನೇ ಅನುಸರಿಸಿದರು. ಕೇಡ್ ಮೆಸ್ಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು — ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು — ಇದನ್ನು ಪರೀಕ್ಷಿಸಿ, ಮೊದಲ ಸ್ಥಾನಗಳಿಗೆ ತಂಡಗಳು ಅತಿಯಾದ ಬೆಲೆ ಕೊಡುತ್ತಿವೆಯೆಂದು ತೋರಿಸಿದರು. ಯಾರು ಚೆನ್ನಾಗಿ ಆಡುವರೆಂದು ಮುಂದಾಗಿ ಹೇಳಬಲ್ಲೆವೆಂಬ ನಂಬಿಕೆಯೇ ಈ ದುಬಾರಿಯ ಮೂಲ. 2000ದ ಡ್ರಾಫ್ಟಿನಲ್ಲಿ 198 ಮಂದಿಯನ್ನು ಆರಿಸಿದ ಮೇಲೆ ಆರಿಸಿಕೊಂಡ ಟಾಮ್ ಬ್ರೇಡಿ ಏಳು ಸಲ ಅಂತಿಮ ಪಂದ್ಯ ಗೆದ್ದ. 2022ರಲ್ಲಿ 262ನೆಯವನಾಗಿ, ಎಂದರೆ ಎಲ್ಲರಿಗಿಂತ ಕೊನೆಯಲ್ಲಿ ಆಯ್ಕೆಯಾದ ಬ್ರಾಕ್ ಪರ್ಡಿ ಎರಡನೆಯ ವರ್ಷದಲ್ಲಿಯೇ ತನ್ನ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದ.

ಈ ವಾದಗಳಲ್ಲೆಲ್ಲ ನ್ಯಾಯ ಕೇಳುವುದು ಒಂದು ಊರಿಗಾಗಿ, ಒಂದು ತಂಡಕ್ಕಾಗಿ. ಆಯ್ಕೆಯಾಗುವ ಹುಡುಗನಿಗೆ ಎಲ್ಲಿ ಆಡಲು ಇಷ್ಟವೆಂದು ಕೇಳುವವರು ಕಡಮೆ. ಕೇಳಿಸಿದವನೊಬ್ಬನಿದ್ದ: ಜೇಮ್ಸ್ ಸ್ಮಿತ್, 'ಯಾಜೂ' ಎಂಬುದು ಅವನ ಅಡ್ಡಹೆಸರು. 1968ರಲ್ಲಿ ವಾಷಿಂಗ್ಟನ್ ತಂಡ ಅವನನ್ನು ಮೊದಲ ಸುತ್ತಿನಲ್ಲಿ ಆರಿಸಿತು. ಅವನು ಬೇರೆ ಯಾವ ತಂಡದೊಡನೆಯೂ ಮಾತಾಡುವಂತಿರಲಿಲ್ಲ. ಒಂದು ವರ್ಷದ ಕರಾರಿಗೆ ಸಹಿ ಹಾಕಿದ. ಆ ವರ್ಷದ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟಾಗಿ ಅವನ ಆಟವೇ ಮುಗಿಯಿತು. ಎಲ್ಲ ತಂಡಗಳೊಡನೆ ಚೌಕಾಸಿ ಮಾಡುವ ಸ್ವಾತಂತ್ರ್ಯವಿದ್ದಿದ್ದರೆ ಗಾಯವಾದಾಗಲೂ ಕೈಹಿಡಿಯುವ ಕರಾರು ತನಗೆ ದೊರೆಯುತ್ತಿತ್ತೆಂದು ಅವನು 1970ರಲ್ಲಿ ದಾವೆ ಹೂಡಿದ. ತನ್ನ ದುಡಿಮೆಯನ್ನು ಮಾರುವವನು ಒಬ್ಬನೇ ಕೊಳ್ಳುವವನ ಬಳಿಗೆ ಹೋಗಬೇಕೆಂದು ಕಟ್ಟುಹಾಕುವುದು ವ್ಯಾಪಾರ ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು 1976ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿತು. ಅಂದಿನ ರೂಪದ ಡ್ರಾಫ್ಟ್ ಕಾನೂನುಬಾಹಿರವೆಂಬುದನ್ನು 1978ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಒಪ್ಪಿತು.

ಹಾಗಾದರೆ ಡ್ರಾಫ್ಟ್ ಇಂದಿಗೂ ಹೇಗೆ ಉಳಿದಿದೆಯೆಂದು ನೀವು ಕೇಳಬಹುದು. 1977ರಲ್ಲಿ ಆಟಗಾರರ ಸಂಘವೂ ಒಡೆಯರೂ ಮಾಡಿಕೊಂಡ ಒಪ್ಪಂದದಲ್ಲಿ ಅದನ್ನು ಸೇರಿಸಿದರು. ಕಾರ್ಮಿಕರ ಸಂಘ ಒಪ್ಪಿದ ಷರತ್ತಿಗೆ ಆ ಕಾನೂನಿನ ತೊಡಕಿಲ್ಲ. ಒಪ್ಪಿದವರು ಆಗಲೇ ಒಳಗಿದ್ದವರು. ಮುಂದೆ ಆಯ್ಕೆಯಾಗಬೇಕಾಗಿದ್ದ ಹುಡುಗರು ಆಗ ಸಂಘದ ಸದಸ್ಯರೇ ಆಗಿರಲಿಲ್ಲ. 2011ರ ಒಪ್ಪಂದದಲ್ಲಿ ಹೊಸಬರ ಸಂಬಳವನ್ನೂ ಆಯ್ಕೆಯ ಸ್ಥಾನಕ್ಕೆ ಕಟ್ಟಿದರು. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡನಿಗೆ 5 ಕೋಟಿ ಡಾಲರಿನ ಖಾತರಿಯಿತ್ತು. ಮರುವರ್ಷ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್ನನಿಗೆ ನಾಲ್ಕು ವರ್ಷಕ್ಕೆ ದೊರೆತದ್ದು ಸುಮಾರು 2.2 ಕೋಟಿ. ಎರಡೂ ದೊಡ್ಡ ಮೊತ್ತಗಳೇ. ಆದರೆ ಈ ವ್ಯತ್ಯಾಸಕ್ಕೂ ಅವರಿಬ್ಬರ ಆಟಕ್ಕೂ ಸಂಬಂಧವಿರಲಿಲ್ಲ.

ಏಳು ಸುತ್ತುಗಳಲ್ಲಿಯೂ ಯಾರಿಗೂ ಬೇಡವಾದ ಹುಡುಗರ ಪಾಡೇನು? ತಮ್ಮನ್ನು ಕರೆದ ತಂಡಗಳಲ್ಲಿ ತಮಗೆ ಬೇಕಾದುದನ್ನು ಅವರೇ ಆರಿಸಿಕೊಳ್ಳಬಹುದು. ಮೊದಲ ಸ್ಥಾನದವನಿಗೆ ಇಲ್ಲದ ಈ ಸ್ವಾತಂತ್ರ್ಯ ಅವರಿಗುಂಟು. ಕರೆ ಬರುವುದು ಮಾತ್ರ ಖಚಿತವಿಲ್ಲ. 1994ರಲ್ಲಿ ಹಾಗೆ ಉಳಿದುಹೋದ ಕರ್ಟ್ ವಾರ್ನರ್ ಗ್ರೀನ್ ಬೇ ತಂಡಕ್ಕೆ ಹೋಗಿ, ಪಂದ್ಯಗಳು ಆರಂಭವಾಗುವ ಮೊದಲೇ ಹೊರಬಿದ್ದು, ಅಯೋವಾ ರಾಜ್ಯದ ಒಂದು ದಿನಸಿ ಅಂಗಡಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದ. 2000ದ ಜನವರಿಯಲ್ಲಿ ಸೇಂಟ್ ಲೂಯಿಸ್ ತಂಡ ಅಂತಿಮ ಪಂದ್ಯ ಗೆದ್ದಾಗ ಚೆಂಡನ್ನು ಎಸೆಯುತ್ತಿದ್ದವನು ಅವನೇ.