ಸೆರಗಿನ ಕುಚ್ಚಿನಿಂದ ಬೇಸಿಗೆಯ ಟಾಪಿಗೆ

ಸೀರೆ ಸೆರಗಿಗೆ ಕ್ರೋಶಾ ಕುಚ್ಚು ಹಾಕಲು ಬರುವವರಿಗೆ ಬೇಸಿಗೆಯ ಟಾಪ್ ಹೆಣೆಯುವ ವಿದ್ಯೆ ಅರ್ಧ ಬಂದಂತೆಯೇ. ಕಡ್ಡಿ ಹಿಡಿಯುವುದು ಹಾಗೆಯೇ, ದಾರವನ್ನು ಬೆರಳಿಗೆ ಸುತ್ತಿ ಬಿಗಿ ನೋಡಿಕೊಳ್ಳುವುದೂ ಹಾಗೆಯೇ, ಚೈನ್ ಅಂತೂ ಅದೇ ಚೈನ್. ಸೆರಗಿನಲ್ಲಿ ಎರಡು ಮೂರು ಸಾಲಿಗೆ ನಿಲ್ಲಿಸುವುದನ್ನು ಇಲ್ಲಿ ಏರಿಸುತ್ತ ಹೋಗಬೇಕು, ಅಷ್ಟೆ. ಆದರೂ ನಮ್ಮ ಊರುಗಳಲ್ಲಿ ಬೀದಿಗೊಬ್ಬರು ಕುಚ್ಚು ಹಾಕುವವರು ಸಿಗುತ್ತಾರೆ, ಉಡುಪು ಹೆಣೆಯುವವರು ಮಾತ್ರ ಅಪರೂಪ. ಕ್ರೋಶಾ ಅಂದರೆ ಬಾಗಿಲ ತೋರಣ, ಟೀವಿಯ ಮೇಲಿನ ಹೊದಿಕೆ, ಅಂಚಿಗೆ ಮಣಿ ಪೋಣಿಸಿದ ಹಾಲಿನ ಪಾತ್ರೆಯ ಮುಸುಕು ಎಂದು ಬಹಳ ಕಾಲ ನಂಬಿದ್ದೆವು. ಈಗ ದೊಡ್ಡ ಮಳಿಗೆಗಳಲ್ಲಿ ಜಾಲರಿ ಜಾಲರಿಯ ಟಾಪ್‌ಗಳು ನೇತಾಡುತ್ತಿವೆ. ಕಾಲೇಜು ಹುಡುಗಿಯರು ಅಜ್ಜಿಯ ಟ್ರಂಕಿನಲ್ಲಿ ಕಡ್ಡಿ ಹುಡುಕುತ್ತಿದ್ದಾರೆ.

ಸ್ವೆಟರ್ ಹಾಕುವ ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೇ ಕಾದಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಕುಣಿಕೆ. ಉಳಿದದ್ದೆಲ್ಲ ಆಗಲೇ ಬಿಗಿದು ಕೂತಿರುತ್ತದೆ. ಹಾಲು ಉಕ್ಕಿತೆಂದು ಎದ್ದು ಓಡಬೇಕಾದರೆ ಆ ಒಂದು ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದಿಟ್ಟರೆ ಸಾಕು. ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರಗಳು ಎಂದೋ ಕಲಿತವು. ಕ್ರೋಶಾವನ್ನು ಹಾಗೆ ಕಾರ್ಖಾನೆಯಲ್ಲಿ ಹಾಕಿ ಕೊಡುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ಮೀಟರ್ ಲೆಕ್ಕದಲ್ಲಿ ಮಾರುವ ‘ಕ್ರೋಶಾ ಲೇಸು’ ನೋಡಲಷ್ಟೇ ಹಾಗೆ, ಅದರ ಹೆಣಿಗೆಯೇ ಬೇರೆ. ಆದ್ದರಿಂದ ಅಂಗಡಿಯ ಟಾಪ್ ನಿಜವಾದ ಕ್ರೋಶಾ ಆಗಿದ್ದರೆ ಅದರ ಒಂದೊಂದು ಸ್ಟಿಚ್ಚನ್ನೂ ಯಾರೋ ಕೂತು ಹಾಕಿದ್ದಾರೆ. ಬೆಲೆಚೀಟಿ ತೀರ ಅಗ್ಗವಾಗಿದ್ದರೆ ಸಂತೋಷಪಡುವ ಮುಂಚೆ ಅದನ್ನೊಮ್ಮೆ ನೆನೆಸಿಕೊಳ್ಳಬಹುದು.

ಈ ಕಸುಬು ಹಬ್ಬಿದ್ದೇ ಹೆಚ್ಚಾಗಿ ಬಡವರ ಮನೆಗಳಲ್ಲಿ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಬಿದ್ದಾಗ, ಕಾರ್ಕ್ ಪ್ರಾಂತ್ಯದಲ್ಲಿ ಕ್ರೈಸ್ತ ಸನ್ಯಾಸಿನಿಯರು ಹೆಂಗಸರಿಗೆ, ಮಕ್ಕಳಿಗೆ ಕ್ರೋಶಾ ಹೇಳಿಕೊಟ್ಟರು. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಇದನ್ನೇ ಬರ ಪರಿಹಾರದ ಕೆಲಸವಾಗಿ ನಡೆಸಿದರು. ಒಬ್ಬಳು ಗುಲಾಬಿ ಹೆಣೆದರೆ ಇನ್ನೊಬ್ಬಳು ಎಲೆ. ಆಮೇಲೆ ಎಲ್ಲವನ್ನೂ ಜೋಡಿಸಿಟ್ಟು ನಡುವೆ ಜಾಲರಿ ಹಾಕಿ ಕೂಡಿಸುವುದು. ಸಿರಿವಂತರ ರವಿಕೆ, ಗೌನುಗಳು ತಯಾರಾದದ್ದು ಹೀಗೆ. ನಮ್ಮ ನೆರೆಯ ಆಂಧ್ರದ ನರಸಾಪುರಕ್ಕೂ ಕ್ರೋಶಾ ಲೇಸು 19ನೇ ಶತಮಾನದಲ್ಲಿ ಮಿಷನರಿಗಳ ಜೊತೆ ಬಂತು, ಗೋದಾವರಿ ಸೀಮೆಯ ಹಳ್ಳಿಗಳಿಗೆ ಇಳಿಯಿತು. ಅಲ್ಲಿನ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಬರೆದ ಪುಸ್ತಕ 1982ರಲ್ಲಿ ಪ್ರಕಟವಾಯಿತು. ವಿದೇಶಕ್ಕೆ ಹೋಗುವ ಮಾಲು ತಯಾರಿಸುವವರನ್ನು ‘ಬಿಡುವಿನ ವೇಳೆ ಹೆಣೆಯುವ ಗೃಹಿಣಿಯರು’ ಎಂದು ಕರೆದೇ ಅವರ ಕೂಲಿಯನ್ನು ಹೇಗೆ ತಗ್ಗಿಸಿಡಲಾಗಿತ್ತು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. 2024ರಲ್ಲಿ ಆ ಲೇಸಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆಯಿತು.

ಇನ್ನು ಟಾಪಿನ ಮಾತು. ಬೇಸಿಗೆಗೆ ಉಲ್ಲನ್ ಬೇಡವೇ ಬೇಡ. ಅಕ್ರಿಲಿಕ್ ದಾರ ಅಗ್ಗ, ಬಣ್ಣಗಳೂ ಕಣ್ಣು ಕುಕ್ಕುತ್ತವೆ, ಆದರೆ ಬೆವರು ಹೀರುವುದಿಲ್ಲ. ಏಪ್ರಿಲ್‌ನಲ್ಲಿ ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ತೊಟ್ಟು ನಿಂತವರಿಗೆ ಗೊತ್ತು. ಬೇಕಾದದ್ದು ಹತ್ತಿ, ಅದರಲ್ಲೂ ಮರ್ಸರೈಸ್ಡ್ ಹತ್ತಿ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದ. ದಾರ ಗಟ್ಟಿಯಾಯಿತು, ಬಣ್ಣವನ್ನು ಚೆನ್ನಾಗಿ ಹೀರಿಕೊಂಡಿತು. ಹೀಗೆ ಅದ್ದುವಾಗ ದಾರವನ್ನು ಎಳೆದು ಹಿಡಿದರೆ ರೇಷ್ಮೆಯ ಹೊಳಪು ಬರುತ್ತದೆ ಎಂಬುದು ತಿಳಿದದ್ದು ಆ ಶತಮಾನದ ಕೊನೆಗೆ. 4 ಪ್ಲೈ ದಾರ, 3 ಮಿ.ಮೀ. ಕಡ್ಡಿ ತಂದರೆ ಆಯಿತು. ತೋಳಿಲ್ಲದ ಜಾಲರಿ ಟಾಪಿಗೆ ಸುಮಾರು 300 ಗ್ರಾಂ ದಾರ ಹಿಡಿಯುತ್ತದೆ. ಉಂಡೆಗಳ ಪಟ್ಟಿಯ ಮೇಲಿನ ಲಾಟ್ ನಂಬರ್ ಒಂದೇ ಇರುವಂತೆ ನೋಡಿ ಒಟ್ಟಿಗೇ ಕೊಳ್ಳಿ. ಆಮೇಲೆ ತಂದ ಉಂಡೆಯ ಬಣ್ಣ ಬೆನ್ನಿನ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಆರು ಇಂಚು ಚೌಕದ ಸ್ಯಾಂಪಲ್ ಹಾಕಿಕೊಳ್ಳುವುದಕ್ಕೆ ಎಲ್ಲರಿಗೂ ಸೋಮಾರಿತನ. ಆದರೆ ಟಾಪಿನ ಅಳತೆ ನಿಲ್ಲುವುದೇ ಅದರ ಮೇಲೆ. ಸ್ಯಾಂಪಲ್ಲನ್ನು ಒಗೆದು, ಒಣಗಿಸಿ, ನಡುವಿನ 4 ಇಂಚಿನಲ್ಲಿ ಎಷ್ಟು ಸ್ಟಿಚ್ ಇವೆ ಎಂದು ಎಣಿಸಬೇಕು. 20 ಬಂದರೆ ಇಂಚಿಗೆ 5. ಎದೆಯ ಸುತ್ತಳತೆ 36 ಇಂಚು, ಸಡಿಲಕ್ಕೆ 2 ಸೇರಿಸಿ 38. ಮುಂದಿನ ಭಾಗ 19, ಹಿಂದಿನ ಭಾಗ 19. ಅಂದರೆ ಒಂದು ಭಾಗಕ್ಕೆ 95 ಸ್ಟಿಚ್. ನಿಮ್ಮ ಕೈ ಸಡಿಲವಾಗಿದ್ದು 20ರ ಬದಲು 18 ಬಂದರೆ, ಅದೇ 95 ಸ್ಟಿಚ್ಚಿನ ಟಾಪ್ 42 ಇಂಚು ದಾಟುತ್ತದೆ. ಅದು ಅಕ್ಕನಿಗೋ ಅತ್ತಿಗೆಗೋ ಆಗುತ್ತದೆ, ನಿಮಗಲ್ಲ.

ಮೊದಲ ಚೈನ್ ಸಾಲನ್ನು ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿಯಲ್ಲಿ ಹಾಕಿದರೆ ಅಂಚು ಸುರುಟುವುದಿಲ್ಲ. ನಂತರ ಕಂಬಗಳು. ಕಡ್ಡಿಗೆ ದಾರ ಒಂದು ಸುತ್ತು ಹಾಕಿ, ಕೆಳಗಿನ ಸ್ಟಿಚ್ಚಿನೊಳಗೆ ತೂರಿಸಿ ದಾರ ಎಳೆದುಕೊಂಡರೆ ಕಡ್ಡಿಯ ಮೇಲೆ ಮೂರು ಕುಣಿಕೆ. ಮತ್ತೆ ದಾರ ಹಿಡಿದು ಎರಡರಿಂದ ಎಳೆದು, ಇನ್ನೊಮ್ಮೆ ಉಳಿದೆರಡರಿಂದ ಎಳೆದರೆ ಕಂಬ ಎದ್ದು ನಿಂತಿತು. ಜಾಲರಿ ಬೇಕಾದರೆ ಒಂದು ಕಂಬ, ಒಂದು ಚೈನ್, ಕೆಳಗೆ ಒಂದು ಸ್ಟಿಚ್ ಬಿಟ್ಟು ಮತ್ತೆ ಕಂಬ. ಕಂಬದಲ್ಲಿ ಶುರುವಾಗಿ ಕಂಬದಲ್ಲೇ ಮುಗಿಯಬೇಕಾದ್ದರಿಂದ ಬೆಸ ಸಂಖ್ಯೆ ಬೇಕು; 95 ಸರಿಯಾಗಿ ಕೂರುತ್ತದೆ. ಹೊಸ ಸಾಲಿಗೆ ತಿರುಗುವಾಗ ಹಾಕುವ 3 ಚೈನ್ ಕೂಡ ಒಂದು ಕಂಬವೇ. ವಾಪಸ್ ಬರುವಾಗ ಕೊನೆಯ ಕಂಬ ಆ ಚೈನ್‌ನ ತಲೆಯ ಮೇಲೆ ಬೀಳಬೇಕು. ಅದು ಕಣ್ಣಿಗೆ ಸ್ಟಿಚ್ಚಿನಂತೆ ಕಾಣುವುದಿಲ್ಲ, ಕಲಿಯುವವರು ಬಿಟ್ಟುಬಿಡುತ್ತಾರೆ. ಸಾಲಿಗೊಂದು ಹೀಗೆ ತಪ್ಪಿದರೆ ಆಯತ ಹೋಗಿ ಗೋಪುರವಾಗುತ್ತದೆ. ಹೊರಗಿನ ವಿನ್ಯಾಸಗಳನ್ನು ನೋಡಿ ಹೆಣೆಯುವವರಿಗೆ ಇನ್ನೊಂದು ಎಚ್ಚರಿಕೆ: ಈ ಕಂಬಕ್ಕೆ ಅಮೆರಿಕದವರು ಡಬಲ್ ಎನ್ನುತ್ತಾರೆ, ಬ್ರಿಟನ್ನಿನವರು ಟ್ರೆಬಲ್. ಬ್ರಿಟನ್ನಿನ ಡಬಲ್ ಇದಕ್ಕಿಂತ ಗಿಡ್ಡ.

ಮೊದಲ ಟಾಪಿಗೆ ತೋಳು, ಕಟ್ಟು ಯಾವುದೂ ಬೇಡ. ಎರಡು ಆಯತ ಸಾಕು. ಮೇಲೆ ಎರಡೂ ಬದಿಗೆ ಐದೈದು ಇಂಚು ಭುಜ ಕೂಡಿಸಿದರೆ ನಡುವೆ 9 ಇಂಚು ಕೊರಳು ಉಳಿಯುತ್ತದೆ; ಪಕ್ಕದಲ್ಲಿ ತೋಳಿಗೆ 8 ಇಂಚು ಬಿಟ್ಟು ಕೆಳಗಿನವರೆಗೆ ಹೊಲಿಯುವುದು. ಕೊರಳ ಸುತ್ತ ಗಿಡ್ಡ ಸ್ಟಿಚ್ಚಿನ ಒಂದು ಬಿಗಿ ಸಾಲು ಹಾಕದಿದ್ದರೆ ಅದು ಭುಜದಿಂದ ಜಾರುತ್ತದೆ. ಹತ್ತಿಗೆ ತನ್ನ ಭಾರಕ್ಕೆ ತಾನೇ ಇಳಿಯುವ ಗುಣವಿದೆ. ಆದ್ದರಿಂದ 20 ಇಂಚು ಉದ್ದ ಬೇಕಿದ್ದರೆ 19ಕ್ಕೇ ನಿಲ್ಲಿಸಿ. ಒಗೆದ ಮೇಲೆ ತಂತಿಗೆ ನೇತುಹಾಕಬೇಡಿ, ಜಮಖಾನೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಒಳಗೆ ಅದೇ ಬಣ್ಣದ ಸ್ಲಿಪ್ ಇದ್ದರೆ ಮನೆಯ ಹಿರಿಯರ ತಕರಾರೂ ಇಲ್ಲ.

ಹಾಕಿಕೊಂಡು ಹೊರಟ ದಿನವೇ ಯಾರಾದರೂ ‘ನನಗೂ ಒಂದು ಹಾಕಿಕೊಡ್ತೀಯಾ’ ಅನ್ನದೆ ಇರುವುದಿಲ್ಲ. ಕುಚ್ಚಿಗೆ ಸೀರೆಗಿಷ್ಟು ಎಂಬ ದರ ಊರೂರಲ್ಲಿ ಗೊತ್ತಾಗಿಬಿಟ್ಟಿದೆ, ಟಾಪಿಗೆ ಇನ್ನೂ ಇಲ್ಲ. ಹಾಗಾಗಿ ಮೊದಲನೆಯದನ್ನು ಹೆಣೆಯುವಾಗಲೇ ಕ್ಯಾಲೆಂಡರಿನ ಮೇಲೆ ದಿನದಿನದ ಗಂಟೆ ಗುರುತು ಹಾಕಿಡುವುದು ಒಳ್ಳೆಯದು. ದರ ಹೇಳುವಾಗ ದಾರದ ಬಿಲ್ಲಿನ ಜೊತೆ ಆ ಗಂಟೆಗಳನ್ನೂ ಮುಂದಿಡಬಹುದು.